ದಿನಾರ್ ರೇಟು ಏರಿತು, ಕಾಕಾನ ಪಗಾರ?

ನಮ್ಮ ಮನೆಯಲ್ಲಿ ದಿನಾ ಎರಡು ರೇಟು ನೋಡ್ತೀವಿ. ಅಪ್ಪ ಹತ್ತಿ ರೇಟು ನೋಡ್ತಾನೆ, ಚಿಗವ್ವ ದಿನಾರ್ ರೇಟು. ಯರಗಟ್ಟಿಯಲ್ಲಿ ಹತ್ತಿ ರೇಟಿನ ಮಾತು ಹೊಸದಲ್ಲ. ದಿನಾರ್ ರೇಟು ನೋಡೋದು ಮಾತ್ರ ನಮ್ಮ ಓಣಿಯಲ್ಲಿ ನಮ್ಮದೊಂದೇ ಮನೆ. ಯಾಕಂದ್ರೆ ಕಾಕಾ 2014ರಿಂದ ಬಹ್ರೇನ್‌ನಲ್ಲಿ ಎಲೆಕ್ಟ್ರಿಷಿಯನ್.

ನಾವು ಅಂದ್ರೆ ಮನೆಯ ನಾಲ್ಕು ಮಕ್ಕಳು. ನಾಲ್ಕೂ ಮಂದಿ ಇಂಗ್ಲಿಷ್ ಮೀಡಿಯಂ. ಫೀ ಕಟ್ಟಿದ್ದು ಕಾಕಾನ ದಿನಾರು. ಹಾಗಾಗಿ ಈ ಲೇಖನದ ಕನ್ನಡದಲ್ಲಿ ತಪ್ಪಿದ್ದರೆ ಅದರಲ್ಲಿ ಬಹ್ರೇನ್‌ದೂ ಸ್ವಲ್ಪ ಪಾಲಿದೆ ಅಂತ ತಿಳ್ಕೊಳ್ಳಿ.

ಸಣ್ಣವರಿದ್ದಾಗ ಶಾಲೆಯಲ್ಲಿ ಒಂದು ವಾದ ಹೂಡುತ್ತಿದ್ದೆವು. ಡಾಲರ್‌ಗೆ 60 ರೂಪಾಯಿ, ದಿನಾರ್‌ಗೆ 160 ರೂಪಾಯಿ. ಅಂದಮೇಲೆ ಅಮೆರಿಕಕ್ಕಿಂತ ಬಹ್ರೇನ್ ಶ್ರೀಮಂತ ದೇಶ! ಯಾರಿಗೂ ಉತ್ತರ ಗೊತ್ತಿರಲಿಲ್ಲ, ನಾವೇ ಗೆಲ್ಲುತ್ತಿದ್ದೆವು. ಈಗ ಇಂಜಿನಿಯರಿಂಗ್‌ಗೆ ಬಂದಮೇಲೆ ಗೊತ್ತಾಯ್ತು, ಅದು ಬರೀ ಯೂನಿಟ್ ತಪ್ಪು. ಕೆಜಿ ರೇಟಿಗಿಂತ ಕ್ವಿಂಟಲ್ ರೇಟು ದೊಡ್ಡದು ಅಂತ ಹತ್ತಿ ತುಟ್ಟಿ ಆಗೋದಿಲ್ಲ. ದಿನಾರ್ ಒಂದು ದೊಡ್ಡ ಅಳತೆ, ಅಷ್ಟೇ. ಅದನ್ನು ಸಾವಿರ ಫಿಲ್ಸ್ ಆಗಿ ಒಡೆಯುತ್ತಾರೆ.

ಆದರೆ ಆ ಅಳತೆ ಹುಟ್ಟಿದ್ದು ನಮ್ಮ ರೂಪಾಯಿಯಿಂದ ಅಂತ ಓದಿದಾಗ ಆಶ್ಚರ್ಯ ಆಯ್ತು. ಎಣ್ಣೆ ಸಿಗೋ ಮೊದಲು ಬಹ್ರೇನ್ ಬದುಕಿದ್ದು ಸಮುದ್ರದ ಮುತ್ತಿನ ಮೇಲೆ. ಆ ಮುತ್ತಿನ ದೊಡ್ಡ ಪೇಟೆ ಮುಂಬೈ. ಹಾಗಾಗಿ ಅಲ್ಲಿ ಓಡುತ್ತಿದ್ದದ್ದು ಭಾರತದ ರೂಪಾಯಿ. ಕೊಲ್ಲಿಯಲ್ಲಿ ರೂಪಾಯಿ ಕೊಟ್ಟು ಬಂಗಾರ ಕೊಂಡು ಕಳ್ಳತನದಿಂದ ಭಾರತಕ್ಕೆ ತರೋದು ಹೆಚ್ಚಾಯಿತು. ಅಲ್ಲಿ ಸೇರಿದ ರೂಪಾಯಿಗೆ ಭಾರತ ಪೌಂಡ್ ಕೊಡಬೇಕಾಗುತ್ತಿತ್ತು. ಇದನ್ನು ತಡೆಯೋಕೆ 1959ರಲ್ಲಿ ರಿಸರ್ವ್ ಬ್ಯಾಂಕು ಕೊಲ್ಲಿಗೆ ಅಂತಲೇ ಬೇರೆ ಬಣ್ಣದ ನೋಟು ತಂದಿತು. ಅದೇ ‘ಗಲ್ಫ್ ರೂಪಾಯಿ’. 1965ರಲ್ಲಿ ಬಹ್ರೇನ್ ತನ್ನದೇ ದಿನಾರ್ ಶುರು ಮಾಡಿದಾಗ ಹತ್ತು ರೂಪಾಯಿಗೆ ಒಂದು ದಿನಾರ್ ಲೆಕ್ಕ. ಮರುವರ್ಷ ಜೂನ್‌ನಲ್ಲಿ ನಮ್ಮ ರೂಪಾಯಿಯ ಬೆಲೆ ಇಳಿಸಿದರು, ಡಾಲರ್‌ಗೆ 4.76 ಇದ್ದದ್ದು 7.50 ಆಯ್ತು. ಅಂದು ಹತ್ತು ರೂಪಾಯಿ ಇದ್ದ ದಿನಾರ್ ಇಂದು 220 ದಾಟಿದೆ.

ದೇಶ ಎಷ್ಟು ದೊಡ್ಡದು ಅಂತೀರಾ? ಸುಮಾರು 780 ಚದರ ಕಿಲೋಮೀಟರ್. ನಮ್ಮ ಬೆಳಗಾವಿ ಜಿಲ್ಲೆ 13,400 ಚದರ ಕಿಲೋಮೀಟರ್. ಜಿಲ್ಲೆಯೊಳಗೆ ಅಂಥ ಹದಿನೇಳು ದೇಶ ಕೂಡ್ತಾವೆ. ಅಲ್ಲಿ ಇರೋ ಜನ 15 ಲಕ್ಷದ ಆಸುಪಾಸು, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಹೊರದೇಶದವರು. ಜಪಾನಿನ ಸಾಕಿದ ಮುತ್ತು ಬಂದು ಮುತ್ತಿನ ಪೇಟೆ ಬಿದ್ದ ಕಾಲದಲ್ಲೇ, 1932ರಲ್ಲಿ, ಅಲ್ಲಿ ಎಣ್ಣೆ ಸಿಕ್ಕಿತು. ಆಮೇಲೆ ಅಲ್ಯೂಮಿನಿಯಂ ಕಾರ್ಖಾನೆ, ಬ್ಯಾಂಕು ಬಂದವು. ಆದರೂ ಸರ್ಕಾರದ ಖಜಾನೆ ಈಗಲೂ ಹೆಚ್ಚಾಗಿ ಎಣ್ಣೆಯ ಮೇಲೇ ನಿಂತಿದೆ. ಒಂದೇ ಬೆಳೆ ನಂಬಿದ ರೈತನ ಹಾಗೆ.

ಇನ್ನು ನಮ್ಮ ಮನೆಯ ಲೆಕ್ಕಕ್ಕೆ ಬರೋಣ. ಕಾಕಾ ತಿಂಗಳಿಗೆ ನೂರು ದಿನಾರ್ ಕಳಿಸುತ್ತಾರೆ. ಮೊದಲು ಅದು 16,000 ಆಗುತ್ತಿತ್ತು. ಆಮೇಲೆ 18,000, 20,000, 22,000 ಆಯ್ತು. ಪ್ರತಿ ಸಲ ಹೆಚ್ಚಾದಾಗ ಅಜ್ಜಿ, "ನನ್ನ ಮಗಗ ಪಗಾರ ಹೆಚ್ಚ ಮಾಡ್ಯಾರ" ಅಂತ ಓಣಿಗೆಲ್ಲ ಹೇಳುತ್ತಿದ್ದಳು. ನಾವೂ ಹಾಗೇ ತಿಳಿದಿದ್ದೆವು.

ಕಳೆದ ಸೆಮಿಸ್ಟರ್‌ನಲ್ಲಿ ಹಾಸ್ಟೆಲ್‌ನಲ್ಲಿ ಕೂತು ದಿನಾರ್ ಬಗ್ಗೆ ಓದುವಾಗ ಒಂದು ಸಾಲು ಕಣ್ಣಿಗೆ ಬಿತ್ತು. ಒಂದು ಡಾಲರ್‌ಗೆ 0.376 ದಿನಾರ್ ಅಂತ 2001ರಿಂದ ಅಧಿಕೃತವಾಗಿ ಗಟ್ಟಿ ಕಟ್ಟಿಹಾಕಿದ್ದಾರೆ. ಅದು ಏರೋದೂ ಇಲ್ಲ, ಇಳಿಯೋದೂ ಇಲ್ಲ. ಹಾಗಾದ್ರೆ ನಾವು ಹತ್ತು ವರ್ಷದಿಂದ ನೋಡಿದ ಏರಿಕೆ ಏನು? ಅಲ್ಲಿ ಏನೂ ಏರಿರಲಿಲ್ಲ. ಇಲ್ಲಿ ರೂಪಾಯಿ ಇಳಿದಿತ್ತು.

ಅದೇ ರಾತ್ರಿ ವಾಟ್ಸಾಪ್ ಕಾಲ್ ಮಾಡಿದೆವು.

"ಕಾಕಾ, ಪಗಾರ ಎಷ್ಟ ಐತ್ರಿ ಈಗ?"

"ಯಾಕಪಾ, ಫೀ ಕಟ್ಟೂದೈತೇನು?"

"ಇಲ್ಲ ಕಾಕಾ, ಸುಮ್ನ ಕೇಳಿದ್ವಿ."

"ನೂರಾ ನಲವತ್ತು."

"ಬಂದಾಗ ಎಷ್ಟಿತ್ರಿ?"

ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಷ್ಟ ಇತ್ತು" ಅಂದರು.

ಅಂದರೆ ನೂರು ನಮಗೆ, ನಲವತ್ತು ಅವರಿಗೆ. ಹತ್ತು ವರ್ಷದಿಂದ ಅದೇ ನಲವತ್ತು. ಆದರೆ ಅಲ್ಲಿನ ಖರ್ಚು ಅಲ್ಲೇ ನಿಂತಿಲ್ಲ. 2014ರಲ್ಲಿ ಎಣ್ಣೆ ರೇಟು ಬಿದ್ದಮೇಲೆ ಬಹ್ರೇನ್ ಸರ್ಕಾರದ ಸಾಲ ಬೆಳೆಯಿತು. 2018ರಲ್ಲಿ ಸೌದಿ, ಕುವೈತ್, ಯುಎಇ ಸೇರಿ 1,000 ಕೋಟಿ ಡಾಲರ್ ನೆರವು ಕೊಡಲು ಒಪ್ಪಿದವು. ಸಾಲದಾಗ ಸಿಕ್ಕ ತಮ್ಮನಿಗೆ ಅಣ್ಣಂದಿರು ನಿಂತಂಗೆ. ದಿನಾರ್ ಬೆಲೆ ಮಾತ್ರ ಇಳಿಸಲಿಲ್ಲ. ಬದಲಿಗೆ 2019ರಲ್ಲಿ 5 ಪರ್ಸೆಂಟ್ ವ್ಯಾಟ್ ಬಂತು, 2022ರಲ್ಲಿ ಅದು 10 ಆಯ್ತು. ದಿನಸಿಯ ಮುಖ್ಯ ಸಾಮಾನಿಗೆ ವಿನಾಯಿತಿ ಇದೆ. ಆದರೆ ಬಟ್ಟೆ, ಚಪ್ಪಲಿ, ಮೊಬೈಲ್ ರೀಚಾರ್ಜ್ ಎಲ್ಲ ಆ ನಲವತ್ತರಲ್ಲೇ ಆಗಬೇಕು. ದಿನಾರ್ ಗಟ್ಟಿಯಾಗಿ ನಿಂತಿದೆ ಅಂತ ನಾವು ಹೆಮ್ಮೆ ಪಡ್ತಿದ್ದೆವು. ಹಾಗೆ ನಿಲ್ಲಿಸೋ ಖರ್ಚಿನಲ್ಲಿ ಕಾಕಾನ ಪಾಲೂ ಇತ್ತು.

ನಾಚಿಕೆ ಆದ ಇನ್ನೊಂದು ಮಾತು. ದಿನಾರ್ 200 ದಾಟಿದ ದಿನ ನಾವು ಮನೆಯಲ್ಲಿ ಪೇಢೆ ಹಂಚಿದ್ದೆವು. ರೂಪಾಯಿ ಬಿದ್ದದ್ದಕ್ಕೆ ಪೇಢೆ! ಅದೇ ರೂಪಾಯಿ ಬಿದ್ದರೆ ಹೊರಗಿಂದ ತರಿಸೋ ಗೊಬ್ಬರ, ಎಣ್ಣೆ, ನಮ್ಮ ಲ್ಯಾಪ್‌ಟಾಪ್ ಎಲ್ಲಕ್ಕೂ ಹೆಚ್ಚು ರೂಪಾಯಿ ಬೇಕು. ಚಿಗವ್ವನ ಅಕೌಂಟಿಗೆ ಬಂದದ್ದರಲ್ಲಿ ಸ್ವಲ್ಪ ಅಪ್ಪನ ಕಿಸೆಯಿಂದ ಹೋಗುತ್ತಿತ್ತು. ಒಂದೇ ಮನೆ, ಒಂದೇ ರೇಟು. ಒಬ್ಬರಿಗೆ ಲಾಭ, ಒಬ್ಬರಿಗೆ ಲುಕ್ಸಾನು.

ದೀಪಾವಳಿ ರಜೆಗೆ ಊರಿಗೆ ಹೋದಾಗ ಈ ಲೆಕ್ಕವನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದು ಚಿಗವ್ವನಿಗೆ ತೋರಿಸಿದೆವು. ಕಾಕಾ ಎಂಬತ್ತು ದಿನಾರ್ ಕಳಿಸಿದರೂ ಆಗ 17,600 ಆಗುತ್ತಿತ್ತು, ಮೊದಲಿನ 16,000ಕ್ಕಿಂತ ಹೆಚ್ಚೇ. ಅಪ್ಪ, "ಊರಾಗೂ ಎಲ್ಲಾ ತುಟ್ಟಿ ಆಗೇತಿ, ಅದನ್ನ ಬರದಿಲ್ಲಲ್ಲ" ಅಂದ. ಅದೂ ಖರೆ. ನಮ್ಮ ಹಾಸ್ಟೆಲ್ ಫೀಯೇ ಅದರಲ್ಲಿ ದೊಡ್ಡ ಪಾಲು. ಅದನ್ನು ಬರೆಯದೇ ಬಿಟ್ಟಿದ್ದೆವು.

ಚಿಗವ್ವ ಏನೂ ಮಾತಾಡಲಿಲ್ಲ. ರಾತ್ರಿ ಫೋನಿನಲ್ಲಿ ಮಾತ್ರ, "ಎಂಬತ್ತ ಕಳಸ್ರಿ ಸಾಕು, ಒಂದ್ ಜೋಡ ಬೂಟ ತಗೋರಿ" ಅನ್ನೋದು ಕೇಳಿಸಿತು.

ಮುಂದಿನ ತಿಂಗಳು ತೊಂಬತ್ತು ಬಂತು. ಚಿಗವ್ವ ಈಗಲೂ ದಿನಾರ್ ರೇಟು ನೋಡ್ತಾಳೆ. ಆದರೆ ಮೊದಲು, "ಬೂಟ ತಗೊಂಡ್ರಿ?" ಅಂತ ಕೇಳ್ತಾಳೆ.