ಒಳಜೇಬಿನ ಲೆಕ್ಕ

ಸಾಫ್ಟ್‌ವೇರ್ ಕಂಪನಿಗಳು ನಮ್ಮ ಹಳ್ಳಿಗಳಿಗೆ ಏನು ಕೊಟ್ಟವು ಎಂದು ಯಾರಾದರೂ ಕೇಳಿದರೆ ನಾನು ಅನುಮಾನವಿಲ್ಲದೆ ಹೇಳುವುದು: ಚೀಲ. ನಮ್ಮೂರಿನ ಪುರೋಹಿತರ ದರ್ಭೆ, ಪಂಚಪಾತ್ರೆ, ಮಡಿಪಂಚೆಗಳೆಲ್ಲ ಎಲೆಕ್ಟ್ರಾನಿಕ್ ಸಿಟಿಯ ಯಾವುದೋ ಕಂಪನಿಯ ಹೆಸರಿರುವ ಲ್ಯಾಪ್‌ಟಾಪ್ ಬ್ಯಾಗಿನಲ್ಲಿ ಬರುತ್ತವೆ. ಹಾಲಿನ ಡೇರಿಯ ಲೆಕ್ಕದ ಪುಸ್ತಕ ಮಲಗುವುದು ವೈಟ್‌ಫೀಲ್ಡಿನ ಇನ್ನೊಂದು ಕಂಪನಿಯ ಬ್ಯಾಗಿನಲ್ಲಿ. ಮಗ ಕೆಲಸ ಬದಲಾಯಿಸಿದಾಗಲೆಲ್ಲ ಅಪ್ಪನಿಗೊಂದು ಹೊಸ ಚೀಲ. ತಿಪಟೂರಿನ ಕೊಬ್ಬರಿ ಹರಾಜಿಗೆ ಬಂದವರ ಹೆಗಲುಗಳನ್ನು ಓದುತ್ತ ಹೋದರೆ ಬೆಂಗಳೂರಿನಲ್ಲಿ ಯಾವ ಕಂಪನಿ ಈಚೆಗೆ ಎಷ್ಟು ಜನರನ್ನು ಸೇರಿಸಿಕೊಂಡಿತು, ಎಷ್ಟು ಜನರನ್ನು ಕಳಿಸಿತು ಎಂದು ಊಹಿಸಬಹುದು.

ನಾನೂ ಅಂಥದೊಂದನ್ನು ಬೆನ್ನಿಗೇರಿಸಿಕೊಂಡು ವರ್ಷಗಟ್ಟಲೆ ಹೊಸೂರು ರಸ್ತೆಯಲ್ಲಿ ಓಡಾಡಿದವಳು. ಈಗ ಪೀಣ್ಯ ಎರಡನೇ ಹಂತದ ಒಂದು ಶೆಡ್ಡಿನ ಮಹಡಿಯಲ್ಲಿ ಚೀಲ ಹೊಲಿಸಿ, ನಾನೇ ಇಟ್ಟ ಹೆಸರಿನ ಲೇಬಲ್ ಹಚ್ಚಿ, ಫೋನಿನ ಪರದೆಯ ಮೇಲೆ ಮಾರುತ್ತೇನೆ. ಕೆಳಗಿನವರದು ಪೌಡರ್ ಕೋಟಿಂಗ್, ಪಕ್ಕದವರದು ಲೇತು. ನನ್ನದು ಬ್ರ್ಯಾಂಡ್ ಎಂದು ಹಳೆಯ ಸಹೋದ್ಯೋಗಿಗಳು ಹೇಳುತ್ತಾರೆ. ಅಮ್ಮ ನೆಂಟರ ಮುಂದೆ "ಇವಳದು ಚೀಲದ ವ್ಯಾಪಾರ" ಎನ್ನುತ್ತಾಳೆ. ಬಾಡಿಗೆ ಕಟ್ಟುವ ದಿನ ಅಮ್ಮನ ಮಾತೇ ಸರಿ ಅನ್ನಿಸುತ್ತದೆ.

ಕಂಪನಿ ಕೊಟ್ಟ ಆ ಬ್ಯಾಗಿನ ಮೇಲಿನ ಸಿಟ್ಟೇ ಈ ವ್ಯಾಪಾರದ ಮೂಲ. ಅದರಲ್ಲಿ ಮೂರು ಪೆನ್ನಿಗೆ ಮೂರು ಗೂಡುಗಳಿದ್ದವು; ಇಡೀ ಮಹಡಿಯಲ್ಲಿ ಪೆನ್ನಿದ್ದದ್ದು ಸೆಕ್ಯುರಿಟಿಯವರ ಹತ್ತಿರ ಮಾತ್ರ. ವಿಸಿಟಿಂಗ್ ಕಾರ್ಡಿಗೊಂದು ಪಾರದರ್ಶಕ ಕಿಟಕಿ. ಮನೆಯ ಬೀಗದ ಕೈ, ಮಾತ್ರೆಯ ಹಾಳೆ, ಪಿನ್ನು, ಪ್ಯಾಡು, ಬಸ್ಸಿನ ಚಿಲ್ಲರೆ, ಅರ್ಧ ತಿಂದ ಚಿಕ್ಕಿ ಇವಕ್ಕೆ ಎಲ್ಲೂ ಜಾಗವಿಲ್ಲ. ಯಾರೋ ಒಬ್ಬ, ಬಹುಶಃ ಟೈ ಕಟ್ಟಿದವನು, ತನ್ನ ದಿನವನ್ನು ಮನಸ್ಸಿನಲ್ಲಿಟ್ಟುಕೊಂಡು ಆ ಜೇಬುಗಳನ್ನು ಕತ್ತರಿಸಿದ್ದ. ನಾನು ಅವನ ದಿನವನ್ನು ಹೊತ್ತು ತಿರುಗುತ್ತಿದ್ದೆ.

ನನ್ನ ಅಜ್ಜಿಯ ಸಂಚಿಯಲ್ಲಿ ಅಂಥ ತೊಂದರೆ ಇರಲಿಲ್ಲ. ಹಳೆಯ ಕುಪ್ಪಸದ ಬಟ್ಟೆಗಳನ್ನು ಪದರಪದರವಾಗಿ ಸೇರಿಸಿ ಅವಳೇ ಕೈಯಲ್ಲಿ ಹೊಲಿದದ್ದು. ಎರಡು ಕಡೆಯ ದಾರ ಎಳೆದರೆ ಬಾಯಿ ನೆರಿಗೆಯಾಗಿ ಮುಚ್ಚಿಕೊಳ್ಳುತ್ತಿತ್ತು. ಒಂದು ಪದರದಲ್ಲಿ ಒದ್ದೆ ಬಟ್ಟೆಯಲ್ಲಿ ಸುತ್ತಿದ ಎಲೆ, ಇನ್ನೊಂದರಲ್ಲಿ ಅಡಿಕೆ ಹೋಳು, ಮತ್ತೊಂದರಲ್ಲಿ ಸುಣ್ಣದ ಡಬ್ಬಿ, ಹೊಗೆಸೊಪ್ಪು, ಅಡಕತ್ತರಿ. ತೀರ ಒಳಗೆ, ಹೊಟ್ಟೆಗೆ ತಾಗುವ ಕಡೆ, ದುಡ್ಡು. ಸುಣ್ಣ ಮತ್ತು ದುಡ್ಡು ಎಂದೂ ಅಕ್ಕಪಕ್ಕ ಇರಕೂಡದು ಎಂಬುದು ಅವಳ ಕಟ್ಟಳೆ. ಕರೆಂಟು ಹೋದ ರಾತ್ರಿ ಜಗಲಿಯಲ್ಲಿ ಕೂತು, ಮಾತು ನಿಲ್ಲಿಸದೆ, ಒಮ್ಮೆಯೂ ಕೆಳಗೆ ನೋಡದೆ ಅವಳು ಎಲೆ ಮಡಿಸಿ ಕೊಡುತ್ತಿದ್ದಳು. ಸುಣ್ಣ ಒಂದು ಚೂರು ಹೆಚ್ಚಾದದ್ದಿಲ್ಲ.

ಅರಮನೆಯಲ್ಲಿ ಇಂಥ ಸಂಚಿ ಹಿಡಿಯುವುದೇ ಒಂದು ಊಳಿಗವಾಗಿತ್ತು. 1673ರಿಂದ 1704ರವರೆಗೆ ಮೈಸೂರನ್ನು ಆಳಿದ ಚಿಕ್ಕದೇವರಾಜ ಒಡೆಯರ ಅಂತಃಪುರದಲ್ಲಿ ರಾಣಿಯ ಎಲೆ ಅಡಿಕೆ ಚೀಲ ಹಿಡಿಯುತ್ತಿದ್ದ ಯಳಂದೂರಿನ ಹೊನ್ನಮ್ಮ ಸಾಂಗತ್ಯದಲ್ಲಿ ‘ಹದಿಬದೆಯ ಧರ್ಮ’ ಬರೆದಳು. ಸಾಹಿತ್ಯ ಚರಿತ್ರೆಯಲ್ಲಿ ಸಂಚಿ ಹೊನ್ನಮ್ಮನೆಂದೇ ಉಳಿದಳು. ಗಂಡನ ಮನೆಯಲ್ಲಿ ಹೇಗಿರಬೇಕೆಂದು ಅವಳು ಹೇಳುವುದೆಲ್ಲ ನನಗೆ ಒಪ್ಪಿಗೆಯಿಲ್ಲ. ಹೆಣ್ಣೆಂದು ಹಳಿಯುವವರನ್ನು ಅವಳು ವಿಚಾರಿಸಿಕೊಳ್ಳುವ ಜಾಗ ಮಾತ್ರ ಇವತ್ತಿಗೂ ಖಾರವಾಗಿದೆ. ನನಗೆ ಮೆಚ್ಚುಗೆ ಬೇರೆ ಕಾರಣಕ್ಕೆ. ನಾವು ಚೀಲದ ಮೇಲೆ ಕಂಪನಿಯ ಹೆಸರು ಹೊತ್ತೆವು. ಅವಳು ತನ್ನ ಹೆಸರಿನ ಮೇಲೆ ಚೀಲವನ್ನು ಹೊತ್ತಳು. ಮುನ್ನೂರು ವರ್ಷ ಬಾಳಿದ ಲೇಬಲ್ ಅದು. ನನ್ನ ಲೇಬಲ್ ಮೂರು ಒಗೆತಕ್ಕೆ ಮಾಸುತ್ತದೆ ಎಂದು ಗಿರಾಕಿಗಳ ದೂರು.

ತಾತನದು ಹಸಿಬೆ ಚೀಲ. ಈಗಿನ ಮಕ್ಕಳಿಗೆ ಅದನ್ನು ವಿವರಿಸುವುದು ಕಷ್ಟ: ಎರಡೂ ತುದಿ ಮುಚ್ಚಿದ ಉದ್ದನೆಯ ಚೀಲ, ಬಾಯಿ ಇರುವುದು ನಡುವೆ. ಹೆಗಲಿಗೆ ಹಾಕಿಕೊಂಡರೆ ಒಂದು ಹೊಟ್ಟೆ ಮುಂದಕ್ಕೆ, ಇನ್ನೊಂದು ಬೆನ್ನಿಗೆ. ಬಾಯಿ ಸರಿಯಾಗಿ ಹೆಗಲ ಮೇಲೆ ಕೂತು ತಾನಾಗಿ ಮುಚ್ಚಿಕೊಳ್ಳುತ್ತದೆ. ಗುಂಡಿ ಬೇಡ, ದಾರ ಬೇಡ. ಕಳ್ಳ ಕೈ ಹಾಕಬೇಕಾದರೆ ಕಿವಿಯ ಹತ್ತಿರಕ್ಕೇ ಬರಬೇಕು. ಎತ್ತುಗಳ ಬೆನ್ನ ಮೇಲೆ ಇಬ್ಬದಿಗೂ ಗೋಣಿ ಹೇರಿ ಲಂಬಾಣಿಗಳು ದೇಶ ಸುತ್ತಿದ್ದೂ ಇದೇ ಲೆಕ್ಕದ ಮೇಲೆ. 1791-92ರಲ್ಲಿ ಟಿಪ್ಪುವಿನ ಮೇಲೆ ಬಂದ ಕಾರ್ನ್‌ವಾಲಿಸನ ದಂಡಿಗೆ ಧಾನ್ಯ ಬಂದದ್ದು ಇಂಥ ಎತ್ತುಗಳ ಮೇಲೆಯೇ. ನಾನು ಹಸಿಬೆಯ ಅಳತೆ ತೆಗೆದು ಕ್ಯಾನ್ವಾಸಿನಲ್ಲಿ ಒಂದು ಸ್ಯಾಂಪಲ್ ಮಾಡಿಸಿದೆ. ಹೆಗಲಿಗೆ ಪರಮಸುಖ. ಕನ್ನಡಿಯ ಮುಂದೆ ನಿಂತರೆ ಎಪಿಎಂಸಿ ಯಾರ್ಡಿನಿಂದ ನೇರವಾಗಿ ಬಂದಂತಿತ್ತು. ಅದು ಇನ್ನೂ ಗೋಡೆಯ ಮೊಳೆಯಲ್ಲಿದೆ. ಚಿಲ್ಲರೆ, ಬಿಲ್ಲು ಹಾಕಿಡುತ್ತೇವೆ.

ವ್ಯಾಪಾರದ ಸಂಕಟವೆಲ್ಲ ಆ ಕನ್ನಡಿಯಲ್ಲೇ ಇದೆ. ಚೀಲ ಬದುಕುವುದು ಕೈಯಲ್ಲಿ, ಮಾರಾಟವಾಗುವುದು ಕಣ್ಣಿಗೆ. ಅಂಗಡಿಯಲ್ಲಾದರೆ ಗಿರಾಕಿ ಹಿಡಿಕೆ ಎಳೆದು ನೋಡುತ್ತಾಳೆ, ಒಳಗೆ ಕೈ ಹಾಕಿ ಮೂಲೆ ತಡವುತ್ತಾಳೆ. ಫೋನಿನಲ್ಲಿ ಹೆಬ್ಬೆರಳು ಒಮ್ಮೆ ಮೇಲಕ್ಕೆ ಸರಿಯುವಷ್ಟರಲ್ಲಿ ಬಣ್ಣ, ಆಕಾರ, ಹಿಡಿದುಕೊಂಡ ಹುಡುಗಿಯ ನಗು ಇಷ್ಟೇ ಕಾಣುವುದು. ನಾವು ಯಾವುದಕ್ಕೆ ದುಡ್ಡು ಸುರಿಯುತ್ತೇವೋ ಅದು ಫೋಟೋದಲ್ಲಿ ಬರುವುದೇ ಇಲ್ಲ.

ಹಿಡಿಕೆಯ ಬುಡವನ್ನೇ ತೆಗೆದುಕೊಳ್ಳಿ. ಚೀಲ ಸಾಯುವುದು ಬಹುಪಾಲು ಅಲ್ಲೇ. ನವಾರು ಪಟ್ಟಿಯನ್ನು ಬಟ್ಟೆಗೆ ಕೂಡಿಸುವಲ್ಲಿ ಚೌಕ ಹೊಲಿದು, ಅದರೊಳಗೆ ಮೂಲೆಯಿಂದ ಮೂಲೆಗೆ ಗುಣಿಸು ಗುರುತಿನ ಹೊಲಿಗೆ ಹಾಕಬೇಕು. ಎಳೆತ ಒಂದೇ ಗೆರೆಯ ಮೇಲೆ ಬೀಳದೆ ಹಂಚಿಹೋಗುತ್ತದೆ. ಹಿಂದುಗಡೆ ಕಾಣದಂತೆ ಇನ್ನೊಂದು ತುಂಡು ಬಟ್ಟೆಯ ಆಸರೆ ಕೊಡಬೇಕು. ಗಟ್ಟಿಯಾಗಲೆಂದು ಹೊಲಿಗೆಯನ್ನು ಒತ್ತೊತ್ತಾಗಿ ಹಾಕಿದರೆ ಆಗುವುದು ಉಲ್ಟಾ. ರೆಕ್ಸಿನ್ನಿನಂಥ ಬಟ್ಟೆ ಸೂಜಿಯ ತೂತುಗಳ ಸಾಲಿನಲ್ಲಿ ಅಂಚೆಚೀಟಿಯಂತೆ ಹರಿದು ಬರುತ್ತದೆ. ಇದನ್ನು ನನಗೆ ಕಲಿಸಿದ್ದು ನಮ್ಮ ಕಟಿಂಗ್ ಮಾಸ್ಟರು. ಹೊಸ ಬಟ್ಟೆ ಬಂದಾಗ ಅವರು ಮೊದಲು ಮೂಸಿ ನೋಡುತ್ತಾರೆ, ಆಮೇಲೆ ಉಗುರಿನಿಂದ ಗೀರುತ್ತಾರೆ. ನಾನು ಹೆಮ್ಮೆಯಿಂದ "ಮಾಸ್ಟ್ರೇ, ಇದು ಸಾವಿರದ ಆರುನೂರ ಎಂಬತ್ತು ಡೆನಿಯರ್" ಎಂದರೆ, "ಇರಲಿ ಬಿಡಿ ಮೇಡಂ, ಕೋಟಿಂಗ್ ಎಷ್ಟಿದೆ ನೋಡೋಣ" ಎನ್ನುತ್ತಾರೆ. ಒಂಬತ್ತು ಸಾವಿರ ಮೀಟರ್ ನೂಲಿನ ತೂಕ ಎಷ್ಟು ಗ್ರಾಮೋ ಅಷ್ಟು ಡೆನಿಯರ್. 1680 ಡೆನಿಯರ್ ಎಂದರೆ ಅಷ್ಟುದ್ದದ ಎಳೆ 1 ಕಿಲೋ 680 ಗ್ರಾಂ ತೂಗುತ್ತದೆ. ನೂಲು ದಪ್ಪ ಎನ್ನುವುದಕ್ಕೆ ಅದು ಸಾಕ್ಷಿ. ಮಳೆ ತಡೆಯುತ್ತದೆ ಎನ್ನುವುದಕ್ಕಲ್ಲ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಮಳೆಗೆ ಸಿಕ್ಕವರ ಲ್ಯಾಪ್‌ಟಾಪ್ ಕಾಯುವುದು ಒಳಗಡೆ ಬಳಿದ ತೆಳು ಲೇಪ.

ಝಿಪ್ಪಿನದು ಇನ್ನೂ ಮಜಾ. 1893ರ ಷಿಕಾಗೊ ಮಹಾಮೇಳದಲ್ಲಿ ವಿಟ್‌ಕಂಬ್ ಜಡ್ಸನ್ ಕೊಕ್ಕೆಗಳ ಸರಪಳಿಯೊಂದನ್ನು ಪ್ರದರ್ಶನಕ್ಕಿಟ್ಟ, ಹೆಚ್ಚು ಜನ ಕೊಳ್ಳಲಿಲ್ಲ. ಸ್ವೀಡನ್ನಿನಿಂದ ಅಮೆರಿಕಕ್ಕೆ ಬಂದ ಗಿಡಿಯನ್ ಸುಂಡ್‌ಬಾಕ್ 1913ರಲ್ಲಿ ಹಲ್ಲಿನ ಮೇಲೆ ಹಲ್ಲು ಕೂರುವ ಈಗಿನ ರೂಪಕ್ಕೆ ತಂದ. ಮೊದಮೊದಲು ಅದನ್ನು ಹಾಕಿದ್ದು ಯಾವುದಕ್ಕೆ ಗೊತ್ತೇ? ನಾವಿಕರ ದುಡ್ಡಿನ ನಡುಪಟ್ಟಿಗೆ, ಹೊಗೆಸೊಪ್ಪಿನ ಚೀಲಕ್ಕೆ. ನನ್ನ ತಾತ, ಅಜ್ಜಿ ಇಬ್ಬರನ್ನೂ ಕೇಳಿಕೊಂಡು ಮಾಡಿದ ಹಾಗಿದೆ. 1923ರಲ್ಲಿ ಗುಡ್‌ರಿಚ್ ಕಂಪನಿ ತನ್ನ ರಬ್ಬರ್ ಬೂಟಿಗೆ ಹಾಕಿ ಝಿಪ್ಪರ್ ಎಂದು ಕರೆದ ಮೇಲೆ ಹೆಸರು ನಿಂತಿತು. 1934ರಲ್ಲಿ ಟೋಕಿಯೊದ ತಡಾವೊ ಯೋಶಿದಾ ಆರಂಭಿಸಿದ ಕಂಪನಿಯ ವೈಕೆಕೆ ಎಂಬ ಮೂರಕ್ಷರ ಇವತ್ತು ನಮ್ಮ ಕಸುಬಿನ ಹಾಲ್‌ಮಾರ್ಕ್. ಗಿರಾಕಿಗೆ ಚೀಲದ ಬಗ್ಗೆ ಬೇರೇನೂ ಗೊತ್ತಿಲ್ಲದಿದ್ದರೂ ರನ್ನರ್ ತಿರುವಿ ಆ ಅಕ್ಷರ ಹುಡುಕುತ್ತಾರೆ. ಒಳ್ಳೆಯ ಝಿಪ್ಪೂ ಮೂಲೆಯಲ್ಲಿ ಸೊಟ್ಟಗೆ ಹೊಲಿದರೆ ಕಚ್ಚಿಕೊಳ್ಳುತ್ತದೆ ಎನ್ನುವುದು ಫೋಟೋದಲ್ಲಿ ಕಾಣುವುದಿಲ್ಲವಲ್ಲ.

ಪೀಣ್ಯವನ್ನು ಆರಿಸಿಕೊಂಡಿದ್ದು ಬಾಡಿಗೆಯ ಕಾರಣಕ್ಕೆ. ಉಳಿದುಕೊಂಡಿದ್ದು ಓಣಿಗಳ ಕಾರಣಕ್ಕೆ. ಪಟ್ಟಿ ಪೋಣಿಸುವ ಉಂಗುರ ಬೇಕಿದ್ದರೆ ತಂತಿ ಬಗ್ಗಿಸಿ ಕೊಡುವವರು ಮುಂದಿನ ರಸ್ತೆಯಲ್ಲಿದ್ದಾರೆ. ತಂತಿಯ ಎರಡು ತುದಿ ಕೂಡುವಲ್ಲಿ ಬೆಸುಗೆ ಹಾಕದಿದ್ದರೆ ಭಾರಕ್ಕೆ ಬಾಯಿ ಬಿಡುತ್ತದೆ ಎಂದು ಅವರೇ ಹೇಳಿ, ಬೆಸುಗೆಯವರ ವಿಳಾಸವನ್ನೂ ಕೊಡುತ್ತಾರೆ. ಬೆಸೆದದ್ದಕ್ಕೆ ಮೆರುಗು ಕೊಡುವವರು ಅವರ ಹಿಂದಿನ ಶೆಡ್ಡಿನವರು. ಬಂದೂಕಿನ ಬಣ್ಣ ಬೇಕು, ಹಿತ್ತಾಳೆಯ ಮೆರುಗು ಬೇಕು ಎಂದು ನಾನು ಫೋನಿನಲ್ಲಿ ಚಿತ್ರ ತೋರಿಸಿದರೆ, "ಎಷ್ಟು ಕೆಜಿ?" ಎನ್ನುತ್ತಾರೆ. ಅಲ್ಲಿ ಉಂಗುರಗಳ ಲೆಕ್ಕ ಕೆಜಿಯಲ್ಲಿ. ನನ್ನ ಒಂದು ವರ್ಷದ ಆರ್ಡರ್ ಅವರ ಒಂದು ಮಧ್ಯಾಹ್ನದ ಕೆಲಸಕ್ಕೂ ಸಾಲದು. ಆದರೂ ಮಾಡಿಕೊಡುತ್ತಾರೆ, ದೊಡ್ಡ ಲಾಟಿನ ಬಾಲದಲ್ಲಿ ಸೇರಿಸಿ.

ಹೊಲಿಗೆಯ ಅಕ್ಕಂದಿರೆಲ್ಲ ಗಾರ್ಮೆಂಟ್ಸಿನಿಂದ ಬಂದವರು. ಅಲ್ಲಿ ಒಬ್ಬರಿಗೆ ಇಡೀ ದಿನ ಕಾಲರ್, ಇನ್ನೊಬ್ಬರಿಗೆ ಇಡೀ ದಿನ ತೋಳು. ಗಂಟೆಗಿಷ್ಟು ಎಂಬ ಟಾರ್ಗೆಟ್ಟು ತಲೆಯ ಮೇಲೆ. ಇಲ್ಲಿ ಒಂದು ಚೀಲವನ್ನು ಮೊದಲಿನಿಂದ ಕೊನೆಯವರೆಗೆ ಒಬ್ಬರೇ ಹೊಲಿಯಬೇಕೆಂದಾಗ ಅವರು ಖುಷಿಪಡುತ್ತಾರೆ ಎಂದುಕೊಂಡಿದ್ದೆ. "ಯೋಚನೆ ಮಾಡ್ಬೇಕಲ್ಲ ಮೇಡಂ, ಅದಕ್ಕೂ ಸೇರಿಸಿ ಕೊಡಿ" ಅಂದರು. ನ್ಯಾಯವೇ. ಭವಿಷ್ಯನಿಧಿಯ ದುಡ್ಡು ತೆಗೆಯುವ ನಿಯಮವನ್ನು ಕೇಂದ್ರ ಸರ್ಕಾರ ಬಿಗಿಮಾಡಿದ್ದಕ್ಕೆ 2016ರ ಏಪ್ರಿಲ್‌ನಲ್ಲಿ ಹೊಸೂರು ರಸ್ತೆಯಲ್ಲೂ ಇತ್ತ ತುಮಕೂರು ರಸ್ತೆಯಲ್ಲೂ ಗಾರ್ಮೆಂಟ್ಸ್ ಹೆಂಗಸರು ಸಾವಿರಗಟ್ಟಲೆ ರಸ್ತೆಗಿಳಿದರು. ಎರಡನೇ ದಿನದ ಹೊತ್ತಿಗೆ ಸರ್ಕಾರ ನಿಯಮ ವಾಪಸು ತೆಗೆದುಕೊಂಡಿತು. ನಾನು ಆ ದಿನ ಟ್ರಾಫಿಕ್ಕಿಗೆ ಶಾಪ ಹಾಕುತ್ತ ಕಂಪನಿಯ ಬಸ್ಸಿನಲ್ಲಿ ಕೂತಿದ್ದೆ. ನಮ್ಮ ಅಕ್ಕಂದಿರಲ್ಲಿ ಇಬ್ಬರು ಆ ಗುಂಪಿನಲ್ಲಿದ್ದರಂತೆ. ದುಡ್ಡನ್ನು ಎಲ್ಲಿ ಇಡಬೇಕು, ಯಾರ ಕೈಗೆ ಸಿಗದಂತೆ ಇಡಬೇಕು ಎನ್ನುವ ವಿಷಯದಲ್ಲಿ ಅವರಿಗಿಂತ ತಿಳಿದವರನ್ನು ನಾನು ಕಂಡಿಲ್ಲ.

ಬೆಲೆಯ ಮಾತು ಬೇಗ ಮುಗಿಸುತ್ತೇನೆ, ಯಾಕೆಂದರೆ ಹೊಟ್ಟೆ ಉರಿಯುತ್ತದೆ. ಕೈಚೀಲ, ಪ್ರಯಾಣದ ಚೀಲಗಳ ಮೇಲೆ ಜಿಎಸ್‌ಟಿ ಶೇ. 28 ಇದ್ದದ್ದು 2017ರ ನವೆಂಬರ್‌ನಲ್ಲಿ ಶೇ. 18 ಆಯಿತು. ಸಾಗಣೆ, ವಾಪಸು ಬಂದದ್ದು, ಜಾಹೀರಾತು ಎಲ್ಲ ಕಳೆದು ಉಳಿದದ್ದನ್ನು ಆ ಗೋಡೆಯ ಹಸಿಬೆಯ ಒಂದೇ ಹೊಟ್ಟೆಯಲ್ಲಿ ಹಾಕಬಹುದು. ಇದೇ ಊರಿನಲ್ಲಿ ಟೆಂಟು ಹೊಲಿಯುವುದರಿಂದ ಶುರುವಾದ ವೈಲ್ಡ್‌ಕ್ರಾಫ್ಟ್ ದೇಶದ ಬೆನ್ನುಗಳನ್ನೆಲ್ಲ ಏರಿತು ಎಂದು ಅಪ್ಪ ಆಗಾಗ ನೆನಪಿಸುತ್ತಾರೆ. ಅಪ್ಪನ ಹೆಗಲಲ್ಲಿ ಮಾತ್ರ ಇವತ್ತಿಗೂ ಸಾಹಿತ್ಯ ಸಮ್ಮೇಳನದ ನೂಕುನುಗ್ಗಲಿನಲ್ಲಿ ಗಳಿಸಿದ ಬಟ್ಟೆಯ ಚೀಲ. ಮಗಳ ಚೀಲ "ಒಳ್ಳೆಯದು, ಹಬ್ಬಕ್ಕೆ ಇರಲಿ" ಎಂದು ಬೀರುವಿನಲ್ಲಿದೆ.

ಈ ಸಲದ ಬೆನ್ನುಚೀಲಕ್ಕೆ ಅಜ್ಜಿಯ ಲೆಕ್ಕದಲ್ಲಿ ಒಂದು ಗುಪ್ತ ಜೇಬು ಇಟ್ಟಿದ್ದೇವೆ. ಬೆನ್ನಿಗೆ ತಾಗುವ ಕಡೆ, ಸೊಂಟದ ಮೇಲೆ, ಲೈನಿಂಗಿನ ಹೊಲಿಗೆಯ ನಡುವೆ ನಾಲ್ಕು ಬೆರಳು ಹೋಗುವಷ್ಟು ಸೀಳು. ಝಿಪ್ಪಿಲ್ಲ, ಗುಂಡಿಯಿಲ್ಲ. ಜಾಗ ಹೇಳಿದ್ದು ನಮ್ಮ ಹಿರಿಯ ಅಕ್ಕ: ಮೆಟ್ರೊದಲ್ಲಿ ಎಷ್ಟೇ ನೂಕಾಟವಿದ್ದರೂ ಅಲ್ಲಿಗೆ ಬೇರೆಯವರ ಕೈ ಬರುವುದಿಲ್ಲ, ನಮ್ಮ ಕೈ ನೋಡದೆಯೇ ಹೋಗುತ್ತದೆ. ಫೋಟೋ ತೆಗೆಯುವ ದಿನ ನಾನು ಜೇಬನ್ನು ಅಗಲಿಸಿ ಹಿಡಿದು ಹುಡುಗನಿಗೆ "ಇದೊಂದು ಹತ್ತಿರದಿಂದ" ಎಂದೆ. ಅಕ್ಕ ಮೆಷಿನ್ ನಿಲ್ಲಿಸಿದಳು.

"ಮೇಡಂ, ಗುಪ್ತ ಅಂತೀರಾ, ಫೋಟೋನೂ ಹಾಕ್ತೀರಾ? ಕಳ್ಳರ ಹತ್ರ ಫೋನ್ ಇಲ್ವಾ?"

ಫೋಟೋ ಹಾಕಲಿಲ್ಲ. ವಿವರಣೆಯಲ್ಲೂ ಬರೆಯಲಿಲ್ಲ. ಚೀಲದ ಜೊತೆ ಹೋಗುವ ಚೀಟಿಯ ಕೊನೆಯಲ್ಲಿ ಒಂದು ಸಾಲು ಮಾತ್ರ ಅಚ್ಚು ಹಾಕಿಸಿದೆವು. ಆ ಚೀಟಿಯನ್ನು ಯಾರೂ ಓದುವುದಿಲ್ಲ ಎನ್ನುವುದು ಮೊದಲ ವಾರದಲ್ಲೇ ಗೊತ್ತಾಯಿತು. ವೈಟ್‌ಫೀಲ್ಡಿನಿಂದ ಒಬ್ಬರು ಜೇಬಿನ ಬಾಯಿಗೆ ಕೆಂಪು ಗೆರೆ ಸುತ್ತಿದ ಚಿತ್ರ ಕಳಿಸಿದ್ದಾರೆ: ಒಳಗಡೆ ಹೊಲಿಗೆ ಬಿಟ್ಟಿದೆ, ಬೇರೆ ಕಳಿಸಿ ಅಥವಾ ದುಡ್ಡು ವಾಪಸು ಕೊಡಿ. ಏನು ಉತ್ತರ ಬರೆಯಲಿ ಎಂದು ಅಕ್ಕನನ್ನು ಕೇಳಿದೆ. "ಕೈ ಹಾಕಿ ನೋಡೋಕೆ ಹೇಳಿ" ಎಂದಳು. ಹಾಗೆಯೇ ಬರೆದೆ. ಅವರು ಚೀಲ ಇಟ್ಟುಕೊಂಡಿದ್ದಾರೆ. ರೇಟಿಂಗ್ ಮಾತ್ರ ಇನ್ನೂ ಮೂರೇ ನಕ್ಷತ್ರ.