ನಮ್ಮ ಸೀಮೆಯ ಬೇಸಿಗೆ ನಾಟಕಗಳು

ನಾಟಕ ನೋಡಿ ಸವಿಯಲು ಬೇಸಿಗೆಯಷ್ಟು ಪ್ರಶಸ್ತವಾದ ಕಾಲ ಮತ್ತೊಂದಿಲ್ಲವೆಂಬುದು ಕೋಲಾರ ಸೀಮೆಯವರ ಅನುಭವ. ಇದಕ್ಕೆ ಕಾರಣ ನಮ್ಮ ನೆಲದಲ್ಲೇ ಇದೆ. ವರ್ಷವಿಡೀ ಹರಿಯುವ ನದಿಯೊಂದೂ ಇಲ್ಲದ ಈ ಜಿಲ್ಲೆಯಲ್ಲಿ ಹಿಂದೆ ಬೇಸಾಯವೆಂದರೆ ಮಳೆ ಮತ್ತು ಕೆರೆ. ರಾಗಿಯ ಕೊಯ್ಲು, ಕಣದ ಕೆಲಸ ಸಂಕ್ರಾಂತಿಯ ವೇಳೆಗೆ ಮುಗಿದರೆ ಮುಂಗಾರಿನವರೆಗೆ ರೈತನಿಗೆ ಬಿಡುವು. ಬಯಲಿನಲ್ಲಿ ರಂಗಮಂಚ ಕಟ್ಟಿದರೆ ಮಳೆಯ ಭಯ ಕಡಿಮೆ. ಸಮುದ್ರಮಟ್ಟದಿಂದ ಸುಮಾರು 800 ಮೀಟರು ಎತ್ತರದ ಪ್ರದೇಶವಾದ್ದರಿಂದ ಹಗಲು ಎಷ್ಟೇ ಉರಿದರೂ ರಾತ್ರಿ ಹತ್ತರ ಮೇಲೆ ತಂಗಾಳಿ ಬೀಸುತ್ತದೆ. ಚಾಪೆ, ಕಂಬಳಿ, ಒಂದು ಸೇರು ಹುರಿದ ಕಡಲೆಕಾಯಿ ಇದ್ದರೆ ಬೆಳಗಿನವರೆಗೆ ಕುಳಿತುಕೊಳ್ಳಬಹುದು.

ಹುತ್ತೂರು ಹೋಬಳಿಯ ಹಳ್ಳಿಗಳಲ್ಲಿ ನಾಟಕವೆಂದರೆ ಪೌರಾಣಿಕ ನಾಟಕ, ಅದರಲ್ಲಿಯೂ ‘ಕುರುಕ್ಷೇತ್ರ’. 1884ರಲ್ಲಿ ಸ್ಥಾಪನೆಯಾದ ಗುಬ್ಬಿ ಕಂಪನಿಯು ಈ ಕಥೆಯನ್ನು ನಿಜವಾದ ಆನೆ, ಕುದುರೆಗಳೊಡನೆ ಆಡಿ ನಾಡಿಗೆಲ್ಲ ಹೆಸರಾಗಿತ್ತು. ನಮ್ಮ ಹಳ್ಳಿಗಳಿಗೆ ಆನೆ ಕುದುರೆಗಳೆಲ್ಲಿಂದ ಬರಬೇಕು? ಬಾಡಿಗೆಯ ಪರದೆ, ಬಾಡಿಗೆಯ ಕಿರೀಟ, ಭುಜಕೀರ್ತಿ, ತಗಡಿನ ಗದೆ, ಇವಿಷ್ಟೇ. ಆದರೆ ಅದರ ಹಿಂದೆ ಎರಡು ಮೂರು ತಿಂಗಳ ಅಭ್ಯಾಸವಿರುತ್ತಿತ್ತು. ಹಾರ್ಮೋನಿಯಂ ಮೇಷ್ಟ್ರನ್ನು ಊರಿಗೆ ಕರೆಸಿ, ಸರದಿಯ ಮೇಲೆ ಮನೆಮನೆಯಲ್ಲಿ ಊಟವಿಟ್ಟು, ರಾತ್ರಿಯ ಹೊತ್ತು ದೇವಸ್ಥಾನದ ಅಂಗಳದಲ್ಲಿ ಪದ್ಯಗಳನ್ನು ಕಲಿಯುತ್ತಿದ್ದರು.

ಅಧ್ಯಾಪಕನಾಗಿ ನನ್ನನ್ನು ಬೆರಗುಗೊಳಿಸಿದ ಸಂಗತಿ ಇದೇ. ಗಡಿ ಜಿಲ್ಲೆಯಾದ ನಮ್ಮಲ್ಲಿ ಅನೇಕರ ಮನೆಮಾತು ತೆಲುಗು. ಕನ್ನಡ ಪಾಠವನ್ನು ಎದ್ದು ನಿಂತು ಓದೆಂದರೆ ಬೆವರುತ್ತಿದ್ದ ಹುಡುಗ, ಹತ್ತು ವರ್ಷಗಳ ನಂತರ ದುರ್ಯೋಧನನಾಗಿ ನಿಂತು ಹಳೆಯ ಶೈಲಿಯ ಕನ್ನಡದ ಉದ್ದುದ್ದ ಮಾತುಗಳನ್ನು ಒಂದಕ್ಷರವೂ ಜಾರದಂತೆ ಹೇಳುತ್ತಿದ್ದ. ಅಕ್ಷರ ಬಾರದವರೂ ಇನ್ನೊಬ್ಬರ ಬಾಯಿಂದ ಕೇಳಿ ಕೇಳಿ ಪಾತ್ರವನ್ನೆಲ್ಲ ಕಂಠಪಾಠ ಮಾಡಿಕೊಂಡಿರುತ್ತಿದ್ದರು. ಶಾಲೆಗೆ ರಜೆಯಿದ್ದ ತಿಂಗಳುಗಳಲ್ಲಿಯೇ ಊರಿನಲ್ಲಿ ಮತ್ತೊಂದು ಶಾಲೆ ನಡೆಯುತ್ತಿತ್ತೆಂದು ಇದಕ್ಕಾಗಿಯೇ ನಾನು ಹೇಳುವುದು.

ಇದೇ ಋತುವಿನಲ್ಲಿ ಕೋಲಾರ, ಚಿತ್ತೂರು ಗಡಿಭಾಗದ ದ್ರೌಪದಿ ಗುಡಿಗಳ ಮುಂದೆ ಭಾರತದ ಉತ್ಸವಗಳೂ ನಡೆಯುತ್ತವೆ. ಹಗಲಿನಲ್ಲಿ ಹರಿಕಥೆ, ರಾತ್ರಿ ಆಟ. ಅರ್ಜುನ ವೇಷಧಾರಿ ಎತ್ತರದ ಕಂಬವನ್ನೇರಿ ತಪಸ್ಸಿಗೆ ನಿಲ್ಲುತ್ತಾನೆ. ಕಡೆಯ ದಿನ ಮಣ್ಣಿನಲ್ಲಿ ಮಾಡಿದ ಬೃಹದಾಕಾರದ ದುರ್ಯೋಧನನ ತೊಡೆಗೆ ಭೀಮ ಗದೆಯಿಂದ ಹೊಡೆಯುತ್ತಾನೆ. ಅಲ್ಲಿಯವರೆಗೆ ಬಿಚ್ಚಿದ್ದ ಮುಡಿಯನ್ನು ದ್ರೌಪದಿ ಆಗ ಕಟ್ಟುತ್ತಾಳೆ. ಅದು ಹರಕೆಯೋ ನಾಟಕವೋ ಎಂದು ನೋಡುವವರು ಯಾರೂ ಕೇಳುವುದಿಲ್ಲ.

ಮುಂದೇನಾಗುತ್ತದೆಂದು ಎಲ್ಲರಿಗೂ ಗೊತ್ತಿರುವ ಕಥೆಯನ್ನು ರಾತ್ರಿಯಿಡೀ ನಿದ್ದೆಗೆಟ್ಟು ನೋಡುವುದೇಕೆ ಎಂದು ನಗರದ ಬಂಧುಗಳು ಕೇಳುವುದುಂಟು. ಗ್ರೀಸ್ ದೇಶದ ಎಪಿಡಾರಸ್ ಎಂಬಲ್ಲಿ ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದ ಬಯಲು ರಂಗಮಂದಿರವಿದೆ. ಬೇಸಿಗೆಯ ರಾತ್ರಿಗಳಲ್ಲಿ ಅಲ್ಲಿ ಇಂದಿಗೂ ಪ್ರಾಚೀನ ನಾಟಕಗಳನ್ನು ಆಡುತ್ತಾರೆ. ಆ ಕಥೆಗಳೂ ನೋಡುವವರಿಗೆ ಹೊಸವಲ್ಲ. ನಮ್ಮ ಹಳ್ಳಿಯಲ್ಲಿ ಇದಕ್ಕಿಂತ ಒಂದು ಹೆಚ್ಚಿನ ವಿಷಯವಿದೆ: ಕಥೆಯಷ್ಟೇ ಅಲ್ಲ, ಪಾತ್ರಧಾರಿಯೂ ನೋಡುವವರಿಗೆ ಚೆನ್ನಾಗಿ ಗೊತ್ತಿರುವವನೇ.

ಒಂದು ಉದಾಹರಣೆ ಹೇಳುತ್ತೇನೆ, ಹೆಸರು ಬೇಡ. ನೆರೆಯ ಹಳ್ಳಿಯೊಂದರಲ್ಲಿ ಕರ್ಣನ ಪಾತ್ರ ವಹಿಸಿದ್ದವನು ಸಾಕುಮಗ. ಹೆತ್ತ ತಾಯಿ ಬಡತನದಿಂದಾಗಿ ಮಕ್ಕಳಿಲ್ಲದ ಮನೆಯೊಂದಕ್ಕೆ ಅವನನ್ನು ಕೊಟ್ಟಿದ್ದಳು. ಅದು ಊರಿಗೆಲ್ಲ ತಿಳಿದಿತ್ತು. ಯಾರೂ ಬಾಯಿಬಿಟ್ಟು ಆಡಿದವರಲ್ಲ. ಕುಂತಿಯಾಗಿ ಬಂದವರು ಪಟ್ಟಣದಿಂದ ಸಂಭಾವನೆಗೆ ಕರೆಸಿದ್ದ ವೃತ್ತಿ ಕಲಾವಿದೆ; ಅವರಿಗೆ ಇದೊಂದೂ ಗೊತ್ತಿಲ್ಲ. ಅವರು ‘ಮಗನೇ’ ಎಂದು ಕೈಚಾಚಿದಾಗ, ಅಲ್ಲಿಯವರೆಗೆ ಗಲಗಲ ಎನ್ನುತ್ತಿದ್ದ ಬಯಲು ಸ್ತಬ್ಧವಾಯಿತು. ಹೆತ್ತವಳು, ಸಾಕಿದವಳು ಇಬ್ಬರೂ ಹೆಂಗಸರ ಗುಂಪಿನಲ್ಲಿ ಕುಳಿತಿದ್ದರು. ಅವನು ತಲೆಯೆತ್ತಿ, ತನ್ನನ್ನು ಸಾಕಿದವರನ್ನು ಬಿಟ್ಟು ಬರಲಾರೆನೆಂಬ ಕರ್ಣನ ಮಾತನ್ನು ನಿಧಾನವಾಗಿ, ಯಾರಿಗೂ ನೋವಾಗದ ಧ್ವನಿಯಲ್ಲಿ ಹೇಳಿದ. ಪದ್ಯಕ್ಕೆ ಅಂದು ಯಾರೂ ‘ಒನ್ಸ್ ಮೋರ್’ ಕೂಗಲಿಲ್ಲ. ಮರುದಿನ ಹೆತ್ತ ತಾಯಿ ಅವನ ಮನೆಗೆ ಹೋಗಿ ಊಟ ಮಾಡಿ ಬಂದಳೆಂದು ಕೇಳಿದೆ. ಎಷ್ಟೋ ವರ್ಷ ಆಡಲಾಗದಿದ್ದ ಮಾತನ್ನು ಆಡಲು ಅವನಿಗೆ ಕರ್ಣನ ಕಿರೀಟ ಬೇಕಾಯಿತು.

ಇದರಲ್ಲಿ ದೋಷಗಳಿರಲಿಲ್ಲವೆಂದಲ್ಲ. ಪಾತ್ರಕ್ಕೆ ಇಂತಿಷ್ಟೆಂದು ಹಣ ಕಟ್ಟಬೇಕು; ದೊಡ್ಡ ಪಾತ್ರಕ್ಕೆ ದೊಡ್ಡ ಮೊತ್ತ. ಕಂಠವಿದ್ದವನು ಸೇವಕನಾಗಿಯೂ ಹಣವಿದ್ದವನು ಕೃಷ್ಣನಾಗಿಯೂ ಬಂದದ್ದುಂಟು. ಸಾಲ ಮಾಡಿ ಕಿರೀಟ ಧರಿಸಿದವರನ್ನೂ ಕಂಡಿದ್ದೇನೆ. ಯಾರು ಎಲ್ಲಿ ಕುಳಿತು ನೋಡಬೇಕೆಂಬುದರಲ್ಲಿ ಜಾತಿಯ ಲೆಕ್ಕವೂ ಇತ್ತು. ಊರಿನ ಗುಣ ಅವಗುಣಗಳೆರಡೂ ರಂಗದ ಮೇಲೆ ಬರುತ್ತಿದ್ದವು.

ಈಗ ಇಂತಹ ನಾಟಕಗಳು ವಿರಳವಾಗುತ್ತಿವೆ. ದೂರದರ್ಶನ, ಮೊಬೈಲುಗಳನ್ನು ದೂರುವುದು ಸುಲಭ. ನನಗೆ ಕಾಣುವ ಮುಖ್ಯ ಕಾರಣ ಬಿಡುವು ಇಲ್ಲದಿರುವುದು. ಕೊಳವೆಬಾವಿ ಬಂದ ಮೇಲೆ ಟೊಮೆಟೊ, ರೇಷ್ಮೆಗಳಿಗೆ ಬೇಸಿಗೆಯೂ ದುಡಿಮೆಯ ಕಾಲವೇ. ಬೆಳಗಾಗುತ್ತಲೇ ಡೇರಿಗೆ ಹಾಲು ಹಾಕಬೇಕು. ಮಂಗಳ ಹಾಡಿದ ಕೂಡಲೇ ಮುಖದ ಬಣ್ಣವನ್ನೂ ತೊಳೆಯದೆ ಹಾಲಿನ ಕ್ಯಾನು ಹಿಡಿದು ಓಡುತ್ತಿದ್ದ ಭೀಮನನ್ನು ಕಂಡು ನಕ್ಕಿದ್ದೇವೆ. ಅವನ ಕಷ್ಟ ಅವನಿಗೇ ಗೊತ್ತು. ಕೊರೊನಾ ಕಾಲದ 2020 ಮತ್ತು 2021ರ ಬೇಸಿಗೆಗಳಲ್ಲಿ ರಂಗಗಳು ಬರಿದಾದವು. ಅಭ್ಯಾಸ ಒಮ್ಮೆ ಕಡಿದರೆ ಮತ್ತೆ ಕೂಡಿಸುವುದು ಕಷ್ಟ.

ಆದರೂ ನಿರಾಶೆ ಬೇಡ. ಕೋಲಾರದ ತೇರಹಳ್ಳಿ ಬೆಟ್ಟದ ಮೇಲೆ ಕವಿ ಕೋಟಿಗಾನಹಳ್ಳಿ ರಾಮಯ್ಯನವರೂ ಗೆಳೆಯರೂ ಕಟ್ಟಿದ ‘ಆದಿಮ’ವು ಹುಣ್ಣಿಮೆಯ ರಾತ್ರಿಗಳಲ್ಲಿ ‘ಹುಣ್ಣಿಮೆ ಹಾಡು’ ಎಂಬ ಹೆಸರಿನಲ್ಲಿ ನಾಟಕ, ಹಾಡುಗಳನ್ನು ಬಯಲಿನಲ್ಲಿ ನಡೆಸಿಕೊಂಡು ಬಂದಿತು. ಅಲ್ಲಿಯದು ಬೇರೆಯೇ ಬಗೆಯ ನಾಟಕ; ಬಂಡೆಗಳ ನಡುವೆ ಎಲ್ಲರೂ ಒಂದೇ ನೆಲದ ಮೇಲೆ ಕುಳಿತು ನೋಡುವಂಥದ್ದು. ಹಳೆಯದರ ದೋಷಗಳನ್ನು ಬಿಟ್ಟು ಸವಿಯನ್ನು ಉಳಿಸಿಕೊಳ್ಳಬಹುದೆಂಬುದಕ್ಕೆ ಅದೊಂದು ನಿದರ್ಶನ.

ದೂರದ ಊರುಗಳಲ್ಲಿರುವ ನನ್ನ ವಿದ್ಯಾರ್ಥಿಗಳಲ್ಲಿ ಒಂದು ವಿನಂತಿ. ಬೇಸಿಗೆಯಲ್ಲಿ ಮಕ್ಕಳೊಡನೆ ಊರಿಗೆ ಬಂದಾಗ ಗೋಡೆಗೆ ಅಂಟಿಸಿದ ನಾಟಕದ ಕರಪತ್ರವನ್ನು ಓದಿರಿ. ಅದರಲ್ಲಿ ನಿಮ್ಮ ತರಗತಿಯವನೊಬ್ಬನ ಹೆಸರು ಇದ್ದೇ ಇರುತ್ತದೆ. ಅರ್ಧ ಗಂಟೆ ನಿಂತು ಮೊಬೈಲಿನಲ್ಲಿ ಚಿತ್ರ ತೆಗೆದು ಹೊರಡಬೇಡಿ. ಚಾಪೆ ಹಾಸಿ ಗದಾಯುದ್ಧದವರೆಗೂ ಕುಳಿತುಕೊಳ್ಳಿ. ಮೂರು ತಿಂಗಳು ಕಲಿತವನಿಗೆ ಒಂದು ರಾತ್ರಿಯನ್ನು ಕೊಟ್ಟರೆ ಅದು ದುಬಾರಿಯೇನಲ್ಲ.