ಒಂದು ಲೋಟ ನೀರು ಮತ್ತು ನನ್ನ ಸಂಪಾದನೆ

ಕಳೆದ ರಮಝಾನ್‌ಗೆ ಕೆಲವು ವಾರಗಳ ಮೊದಲು, ಒಂದು ಶುಕ್ರವಾರ ಜುಮಾ ನಮಾಝ್ ಮುಗಿಸಿ ಮಸೀದಿಯ ಮೆಟ್ಟಿಲಿಳಿಯುತ್ತಿದ್ದಾಗ ನಮ್ಮ ಜಮಾಅತಿನ ಯುವಕನೊಬ್ಬ ನನ್ನನ್ನು ತಡೆದು ನಿಲ್ಲಿಸಿದ. ಗಲ್ಫ್‌ನ ಉದ್ಯೋಗ ಬಿಟ್ಟು ಊರಿಗೆ ಮರಳಿದ್ದ ಅವನಿಗೆ ಜಾಗದ ವ್ಯವಹಾರಕ್ಕೆ ಇಳಿಯುವ ಆಸೆ. "ನೀವು ಇಷ್ಟು ವರ್ಷ ಈ ಕ್ಷೇತ್ರದಲ್ಲಿ ನಿಂತಿದ್ದೀರಿ. ಯಶಸ್ಸಿನ ಗುಟ್ಟೇನು, ಹೇಳಿಕೊಡಿ" ಎಂದು ವಿನಯದಿಂದ ಕೇಳಿದ. ನಾನು ಎರಡು ಮಾತು ಹೇಳಿ ಅವನನ್ನು ಕಳುಹಿಸಿದೆ. ಆದರೆ ನನ್ನ ಉತ್ತರ ನನಗೇ ಸಮಾಧಾನ ಕೊಡಲಿಲ್ಲ. ಅವನು ಯಶಸ್ಸು ಎಂದೊಡನೆ ನನ್ನ ಕಣ್ಣೆದುರು ಬಂದದ್ದು ನಾನು ಕುದುರಿಸಿದ ದೊಡ್ಡ ವ್ಯವಹಾರವಲ್ಲ. ಒಂದು ಮೇ ತಿಂಗಳ ಮಧ್ಯಾಹ್ನ ಪುಟ್ಟ ಹುಡುಗಿಯೊಬ್ಬಳು ನನ್ನ ಮುಂದಿಟ್ಟ ಒಂದು ಲೋಟ ನೀರು. ಆ ಯುವಕನಿಗೆ ಅಂದು ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನನಗೆ ಜಮೀನಿನ ಮೊದಲ ಪಾಠ ಹೇಳಿದವರು ನನ್ನ ತಂದೆ. ಅವರು ಭೂಮಾಪಕರ ಜೊತೆ ಸರಪಳಿ ಹಿಡಿಯುವ ಕೂಲಿ ಕೆಲಸ ಮಾಡುತ್ತಿದ್ದರು. ಶಾಲೆಗೆ ರಜೆ ಇದ್ದಾಗ ನಾನೂ ಅವರ ಹಿಂದೆ ಗುಡ್ಡ, ಗದ್ದೆ, ತೋಟಗಳನ್ನು ಸುತ್ತುತ್ತಿದ್ದೆ. ಎಲ್ಲಾದರೂ ಗಡಿಕಲ್ಲು ಸ್ವಲ್ಪ ಸರಿದಿರುವುದು ಕಂಡರೆ ಅವರ ಮುಖ ಬಾಡುತ್ತಿತ್ತು. "ಮೋನೇ, ಈ ಕಲ್ಲನ್ನು ಸರಿಸಿದವನಿಗೆ ಇದರ ಭಾರ ಈಗ ಗೊತ್ತಾಗುವುದಿಲ್ಲ" ಎನ್ನುತ್ತಿದ್ದರು. ಅನ್ಯಾಯವಾಗಿ ಒಂದು ಗೇಣು ಭೂಮಿಯನ್ನು ಕಬಳಿಸಿದವನ ಕೊರಳಿಗೆ ಅಂತ್ಯದಿನದಂದು ಏಳು ಭೂಮಿಗಳ ಹೊರೆ ಬೀಳುವುದೆಂದು ಪ್ರವಾದಿ ಮುಹಮ್ಮದ್(ಸ) ಎಚ್ಚರಿಸಿದ್ದನ್ನು ನಾನು ಗ್ರಂಥದಲ್ಲಿ ಓದಿದ್ದು ಎಷ್ಟೋ ವರ್ಷಗಳ ನಂತರ. ಅದರ ಅರ್ಥ ಮಾತ್ರ ತಂದೆಯ ಮುಖದಲ್ಲಿ ಮೊದಲೇ ಕಂಡಿತ್ತು.

ಇಂತಹ ತಂದೆಯ ಮಗನಾಗಿಯೂ ನಾನು ಜಾರಿದೆ. ಗಡಿಕಲ್ಲು ಸರಿಸಲಿಲ್ಲ, ಸುಳ್ಳು ದಾಖಲೆ ಮಾಡಲಿಲ್ಲ. ಒಂದು ಮಾತನ್ನು ಪೂರ್ತಿ ಹೇಳಲಿಲ್ಲ, ಅಷ್ಟೇ.

ವ್ಯವಹಾರ ಆರಂಭಿಸಿ ಆಗ ಮೂರು ವರ್ಷವಾಗಿತ್ತು. ಸೌದಿಯಲ್ಲಿ ದುಡಿಯುತ್ತಿದ್ದ ಸಹೋದರರೊಬ್ಬರು ಮನೆ ಕಟ್ಟಲು ಹತ್ತು ಸೆಂಟ್ಸ್ ಜಾಗ ಹುಡುಕುತ್ತಿದ್ದರು. ಗುಡ್ಡದ ಮೇಲಿನ ಒಂದು ಜಾಗ ನನ್ನ ಕೈಯಲ್ಲಿತ್ತು. ದಾಖಲೆಗಳು ಸ್ವಚ್ಛ, ರಸ್ತೆ ಇತ್ತು, ಮಸೀದಿ ಹತ್ತಿರ. ಅವರು ಫೋನಿನಲ್ಲಿ ಕೇಳಿದರು: "ನೀರು ಹೇಗಿದೆ?" ಅದು ನವೆಂಬರ್ ತಿಂಗಳು. ಬಾವಿ ಬಗ್ಗಿ ನೋಡಿದರೆ ಆಕಾಶ ಕಾಣುವಷ್ಟು ನೀರು. "ಬಾವಿಯಲ್ಲಿ ಬೇಕಾದಷ್ಟು ನೀರಿದೆ" ಎಂದೆ. ಕರಾವಳಿಯ ಮುರಕಲ್ಲಿನ ಗುಡ್ಡಗಳಲ್ಲಿ ಮಳೆಗಾಲದ ನೀರು ಎಷ್ಟು ತಿಂಗಳು ನಿಲ್ಲುತ್ತದೆಂದು ಬಲ್ಲವನು ನಾನು. ಮಾರ್ಚ್ ಕೊನೆಗೆ ಆ ಬಾವಿಯ ತಳ ಕಾಣುತ್ತದೆಂದು ಜಾಗದ ಮಾಲಕರೇ ನನಗೆ ಹೇಳಿದ್ದರು. ಆದರೆ ಅವರು ಕೇಳಿದ್ದು ನೀರು ಇದೆಯೇ ಎಂದು ಮಾತ್ರ, ಯಾವ ತಿಂಗಳ ತನಕ ಎಂದಲ್ಲ. ನಾನು ಹೇಳಿದ್ದು ಸುಳ್ಳಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ನೋಂದಣಿಯಾಯಿತು, ಕಮಿಷನ್ ಬಂತು. ಆ ಹಣದಲ್ಲಿ ಒಂದು ಬೈಕ್ ಕೊಂಡೆ.

ಎರಡು ವರ್ಷಗಳ ನಂತರ ಬೇರೊಂದು ಜಾಗ ತೋರಿಸಲು ಅದೇ ಗುಡ್ಡಕ್ಕೆ ಹೋಗಿದ್ದೆ. ಮೇ ತಿಂಗಳ ಸುಡುಬಿಸಿಲು. ಆ ಹೊಸ ಮನೆಯ ಜಗಲಿಯಲ್ಲಿ ಕುಳಿತಿದ್ದ ಹಿರಿಯರು, ಸೌದಿಯ ಸಹೋದರರ ತಂದೆ, ನನ್ನನ್ನು ಗುರುತಿಸಿ ಪ್ರೀತಿಯಿಂದ ಕರೆದು ಕೂರಿಸಿದರು. ಮೊಮ್ಮಗಳನ್ನು ಕೂಗಿ ನೀರು ತರಲು ಹೇಳಿದರು. ಹುಡುಗಿ ಅರ್ಧ ಲೋಟ ನೀರು ತಂದಳು. "ತುಂಬಿಸಿ ತರಬಾರದೇ?" ಎಂದು ಅಜ್ಜ ಗದರಿದರು. "ಟ್ಯಾಂಕರ್ ನಾಳೆ ಬರುವುದಲ್ವಾ?" ಎಂದಳು ಅವಳು, ಮೆಲ್ಲನೆ. ಹಿರಿಯರು ನಾಚಿಕೊಂಡು, "ಮಕ್ಕಳು ನೋಡಿ, ಹೀಗೇ" ಎಂದು ನಕ್ಕರು. ನನ್ನ ಮೇಲೆ ಒಂದು ಆಕ್ಷೇಪದ ಮಾತೂ ಆಡಲಿಲ್ಲ. ನನಗೆ ತಿಳಿದಿತ್ತೆಂದು ಅವರಿಗೆ ತಿಳಿದೇ ಇರಲಿಲ್ಲ. ಆ ನೀರನ್ನು ನಾನು ಹೇಗೆ ನುಂಗಿದೆನೆಂದು ಇಂದಿಗೂ ವಿವರಿಸಲಾರೆ.

ಮಾರುವವನೂ ಕೊಳ್ಳುವವನೂ ಸತ್ಯ ನುಡಿದು, ಇರುವ ದೋಷಗಳನ್ನು ಬಹಿರಂಗಪಡಿಸಿದರೆ ಆ ವ್ಯವಹಾರದಲ್ಲಿ ಬರ್ಕತ್ ಇದೆ, ಬಚ್ಚಿಟ್ಟು ಸುಳ್ಳಾಡಿದರೆ ಬರ್ಕತ್ ಅಳಿಸಿಹೋಗುತ್ತದೆ ಎಂಬ ಪ್ರವಾದಿವರ್ಯರ(ಸ) ಬೋಧನೆಯನ್ನು ಹಕೀಮ್ ಬಿನ್ ಹಿಝಾಮ್(ರ) ವರದಿ ಮಾಡಿದ್ದಾರೆ. ನಾನು ಅದನ್ನು ಬಲ್ಲೆನಷ್ಟೇ ಅಲ್ಲ, ಇತರರಿಗೂ ಹೇಳಿದ್ದೆ. ಆದರೆ ಅದರಲ್ಲಿ ಎರಡು ಷರತ್ತುಗಳಿರುವುದನ್ನು ಗಮನಿಸಿರಲಿಲ್ಲ. ಸತ್ಯ ನುಡಿಯುವುದು ಒಂದು, ದೋಷವನ್ನು ತೆರೆದಿಡುವುದು ಇನ್ನೊಂದು. ಮೊದಲನೆಯದನ್ನು ಮಾತ್ರ ಪಾಲಿಸಿ ಎರಡನೆಯದರಿಂದ ಜಾರಿಕೊಳ್ಳಬಹುದೆಂದು ನಾನು ಭಾವಿಸಿದ್ದೆ. ಪ್ರವಾದಿಯವರು(ಸ) ಮದೀನಾದ ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈಯಿಟ್ಟಾಗ ಒಳಗಿನ ಧಾನ್ಯ ಒದ್ದೆಯಾಗಿತ್ತು. ಮಳೆಯಿಂದ ಹಾಗಾಯಿತೆಂದು ವ್ಯಾಪಾರಿ ಹೇಳಿದ. ಹಾಗಾದರೆ ಜನರಿಗೆ ಕಾಣುವಂತೆ ಅದನ್ನು ಮೇಲೆ ಏಕೆ ಇಡಲಿಲ್ಲ ಎಂದು ಅವರು ವಿಚಾರಿಸಿದರು. ವಂಚಿಸುವವನಿಗೂ ತಮಗೂ ಸಂಬಂಧವಿಲ್ಲವೆಂದು ಎಚ್ಚರಿಸಿದರು. ಆ ವ್ಯಾಪಾರಿಯೂ ಬಾಯಿಬಿಟ್ಟು ಸುಳ್ಳು ಹೇಳಿದನೆಂದು ವರದಿಯಲ್ಲಿಲ್ಲ. ಒಣಗಿದ ಧಾನ್ಯ ಮೇಲಿತ್ತು, ಅಷ್ಟೇ. ನನ್ನ ನವೆಂಬರ್ ತಿಂಗಳ ಬಾವಿಯೂ ಹಾಗೆಯೇ.

ಅಂದು ರಾತ್ರಿ ತಂದೆಯವರ ಬಳಿ ಎಲ್ಲವನ್ನೂ ಹೇಳಿದೆ. ಅವರು ಬೈಯಲಿಲ್ಲ. "ಅಲ್ಲಾಹನಲ್ಲಿ ತೌಬಾ ಮಾಡು. ಆದರೆ ದಾಸನ ಹಕ್ಕನ್ನು ದಾಸನಿಗೇ ಮರಳಿಸಬೇಕು" ಎಂದರು. ಮರುದಿನ ಸೌದಿಗೆ ಫೋನ್ ಮಾಡಿ ತಪ್ಪೊಪ್ಪಿಕೊಂಡೆ. ಆ ಸಹೋದರರು ಬಹಳ ಹೊತ್ತು ಮೌನವಾಗಿದ್ದು, "ನೀವು ಅಂದೇ ಹೇಳಿದ್ದರೆ ನಾನು ಆ ಜಾಗವನ್ನು ಬಿಡುತ್ತಿರಲಿಲ್ಲ. ಬೆಲೆ ಸ್ವಲ್ಪ ಇಳಿಸಿ ಕೇಳುತ್ತಿದ್ದೆ, ಉಳಿದ ಹಣದಲ್ಲಿ ಬೋರ್‌ವೆಲ್ ಕೊರೆಸುತ್ತಿದ್ದೆ" ಎಂದರು. ಸತ್ಯ ಹೇಳಿದರೆ ವ್ಯವಹಾರ ಮುರಿಯುತ್ತದೆ ಎಂಬ ನನ್ನ ಭಯಕ್ಕೆ ಆಧಾರವೇ ಇರಲಿಲ್ಲ. ಬೈಕ್ ಮಾರಿದೆ. ಕಮಿಷನ್ನಿನ ಉಳಿದ ಹಣವನ್ನು ಒಂದೂವರೆ ವರ್ಷ ಕಂತುಗಳಲ್ಲಿ ತೀರಿಸಿದೆ. ಎರಡನೆಯ ಬಾರಿ ಕೊರೆದಾಗ, ಅಲ್‌ಹಮ್ದುಲಿಲ್ಲಾಹ್, ಅಲ್ಲಿ ನೀರು ಸಿಕ್ಕಿತು.

ಅಂದಿನಿಂದ ನಾನು ಕೆಲವು ನಿಯಮಗಳನ್ನು ಹಾಕಿಕೊಂಡೆ. ಖರೀದಿದಾರರು ಕೇಳುವ ಮೊದಲೇ ಜಾಗದ ಕೊರತೆಗಳನ್ನು ಹೇಳುವುದು. ಬೇಸಿಗೆಯಲ್ಲಿ ನೀರು, ಮಳೆಗಾಲದಲ್ಲಿ ರಸ್ತೆ, ಎರಡರ ಸ್ಥಿತಿಯನ್ನೂ ತಿಳಿಸುವುದು. ಪಹಣಿ, ಋಣಭಾರ ಪ್ರಮಾಣಪತ್ರ, ಭೂಪರಿವರ್ತನೆಯ ಆದೇಶಗಳ ಪ್ರತಿಗಳನ್ನು ಮುಂಗಡ ಹಣಕ್ಕೆ ಮೊದಲೇ ಅವರ ಕೈಗೆ ಕೊಟ್ಟು ವಕೀಲರಿಗೆ ತೋರಿಸಲು ಹೇಳುವುದು. ನಮ್ಮ ಜಿಲ್ಲೆಯಲ್ಲಿ ವರ್ಗ ಜಮೀನಿಗೆ ತಾಗಿಕೊಂಡು ಕುಮ್ಕಿ ಇರುತ್ತದೆ. ಸೊಪ್ಪು, ಕಟ್ಟಿಗೆ, ಮೇವಿಗೆ ಅದನ್ನು ಬಳಸುವ ಸವಲತ್ತು ಇದ್ದರೂ ಅದು ಸರಕಾರದ ಭೂಮಿ. ಬೇಲಿಯೊಳಗೆ ಇದೆಯೆಂಬ ಮಾತ್ರಕ್ಕೆ ಅದನ್ನು ಸ್ವಂತ ಜಾಗವೆಂದು ತೋರಿಸುವುದು ಮೋಸ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರಕಾರ ಮಂಜೂರು ಮಾಡಿದ ಜಮೀನನ್ನು ಸರಕಾರದ ಪೂರ್ವಾನುಮತಿಯಿಲ್ಲದೆ ಪರಭಾರೆ ಮಾಡುವುದನ್ನು 1978ರ ಕಾಯಿದೆ ನಿಷೇಧಿಸಿದೆ. ಎಷ್ಟು ಅಗ್ಗವಾಗಿ ಸಿಕ್ಕಿದರೂ ಅಂತಹ ಜಮೀನಿನತ್ತ ನಾನು ಹೋಗುವುದಿಲ್ಲ. ಬಡವನ ಹಕ್ಕನ್ನು ಕಾಯುವ ಕಾನೂನನ್ನು ದಾಟುವ ದಾರಿ ತೋರಿಸಿ ಪಡೆದ ಹಣ ನನ್ನ ಮಕ್ಕಳ ಹೊಟ್ಟೆಗೆ ಹೋಗುವುದು ಬೇಡ.

ಈಗ ರೇರಾ ಕಾಯಿದೆ ಬಂದಿದೆಯಲ್ಲ, ಮೋಸ ನಿಲ್ಲುತ್ತದೆ ಎನ್ನುವವರಿದ್ದಾರೆ. 2016ರ ಆ ಕಾಯಿದೆ ಒಳ್ಳೆಯದೇ. ಆದರೆ 500 ಚದರ ಮೀಟರ್ ಮೀರದ ಜಾಗದ ಯೋಜನೆಗೆ ಅದರಡಿ ನೋಂದಣಿ ಕಡ್ಡಾಯವಲ್ಲ. ಹತ್ತು ಸೆಂಟ್ಸ್ ಎಂದರೆ 4,356 ಚದರ ಅಡಿ, ಸುಮಾರು 405 ಚದರ ಮೀಟರ್. ಬಡ, ಮಧ್ಯಮ ವರ್ಗದವರು ಜೀವಮಾನದ ಉಳಿತಾಯ ಸುರಿದು ಕೊಳ್ಳುವ ಜಾಗಗಳು ಹೆಚ್ಚಾಗಿ ಇಂಥವು. ಅಲ್ಲಿ ಅವರನ್ನು ಕಾಯುವುದು ಮಧ್ಯವರ್ತಿಯ ಹೃದಯದಲ್ಲಿರುವ ದೇವಭಯ ಮಾತ್ರ.

ನನಗೆ ಸ್ಫೂರ್ತಿ ಯಾರೆಂದು ಕೇಳಿದರೆ ಮದೀನಾದ ಎರಡು ವ್ಯವಹಾರಗಳನ್ನು ನೆನಪಿಸುತ್ತೇನೆ. ಕ್ರಿ.ಶ. 622ರಲ್ಲಿ ಪ್ರವಾದಿಯವರು(ಸ) ಮದೀನಾಕ್ಕೆ ಬಂದಾಗ ಮಸೀದಿಗಾಗಿ ಆರಿಸಿದ ಸ್ಥಳ ಸಹ್ಲ್ ಮತ್ತು ಸುಹೈಲ್ ಎಂಬ ಇಬ್ಬರು ಅನಾಥ ಬಾಲಕರದ್ದು. ಅವರು ಅದನ್ನು ಉಚಿತವಾಗಿ ಕೊಡಲು ಮುಂದಾದರು. ಪ್ರವಾದಿಯವರು(ಸ) ದಾನವಾಗಿ ಸ್ವೀಕರಿಸದೆ, ಬೆಲೆ ಕೊಟ್ಟೇ ಕೊಂಡರು. ಅಲ್ಲಾಹನ ಭವನಕ್ಕಾಗಿಯೂ ಅನಾಥರ ಭೂಮಿ ಪುಕ್ಕಟೆಯಾಗಿ ಬೇಡವೆನಿಸಿದ ಮೇಲೆ, ನಮ್ಮ ಮನೆ, ಅಂಗಡಿಗಳ ಮಾತೇನು? ಎರಡನೆಯದು ಅಬೂ ರಾಫಿಅ್(ರ) ಅವರದ್ದು. ತಮ್ಮ ಎರಡು ಕೋಣೆಗಳಿಗೆ ಬೇರೆಯವರು 500 ದೀನಾರ್ ಕೊಡಲು ಸಿದ್ಧರಿದ್ದರೂ, ನೆರೆಯವರಾದ ಸಅದ್ ಬಿನ್ ಅಬೀ ವಕ್ಕಾಸ್(ರ) ಅವರಿಗೆ ಕಡಿಮೆ ಬೆಲೆಗೆ, ಅದೂ ಕಂತುಗಳಲ್ಲಿ ಮಾರಿದರು. ನೆರೆಯವನಿಗೆ ಹೆಚ್ಚಿನ ಹಕ್ಕಿದೆಯೆಂದು ಪ್ರವಾದಿಯವರಿಂದ(ಸ) ಕೇಳಿದ್ದೇ ಅದಕ್ಕೆ ಕಾರಣ. ನಾನು ಈಗ ಜಾಗ ಮಾರಾಟಕ್ಕಿದೆಯೆಂದು ತಿಳಿದೊಡನೆ ಮೊದಲು ಪಕ್ಕದ ಮನೆಯ ಬಾಗಿಲು ತಟ್ಟುತ್ತೇನೆ, ಅವರು ಯಾವ ಧರ್ಮದವರೇ ಆಗಿರಲಿ.

ನನ್ನ ವೃತ್ತಿಯಲ್ಲಿ ಅತ್ಯಂತ ಕಠಿಣವಾದದ್ದು ಮಾತ್ರ ಬೇರೆಯೇ. ಅದು ಸಹೋದರಿಯರ ಪಾಲು.

ಒಮ್ಮೆ ಇಬ್ಬರು ಅಣ್ಣತಮ್ಮಂದಿರು ದಿವಂಗತ ತಂದೆಯ ತೋಟವನ್ನು ಮಾರಿಕೊಡಲು ಹೇಳಿದರು. ಬೆಲೆ 60 ಲಕ್ಷ ರೂಪಾಯಿ. ಉಮ್ಮ ಮೊದಲೇ ತೀರಿಕೊಂಡಿದ್ದರು. ಒಬ್ಬಳು ತಂಗಿ. "ಅವಳಿಂದ ಹಕ್ಕು ಬಿಡುಗಡೆ ಪತ್ರ ಮಾಡಿಸಿಕೊಳ್ಳುತ್ತೇವೆ. ಅವಳ ಮದುವೆಗೆ ಸಾಕಷ್ಟು ಖರ್ಚಾಗಿದೆ" ಎಂದರು. ನಾನು ಆ ಸಹೋದರಿಯನ್ನು ಭೇಟಿಯಾದೆ. "ಸಹಿ ಹಾಕದಿದ್ದರೆ ತವರಿನ ಬಾಗಿಲು ಮುಚ್ಚುತ್ತದೆ, ಮೋನೇ" ಎಂದರು ಅವರ ಜೊತೆಗಿದ್ದ ಅತ್ತೆ. ಸಹೋದರಿ ಏನೂ ಹೇಳಲಿಲ್ಲ. ಆ ಮೌನವನ್ನು ಸಮ್ಮತಿ ಎಂದು ಬರೆದುಕೊಳ್ಳಲು ನನ್ನಿಂದಾಗಲಿಲ್ಲ. ಆಸ್ತಿ ಕಡಿಮೆಯಿರಲಿ, ಹೆಚ್ಚಿರಲಿ, ಸ್ತ್ರೀಯರಿಗೂ ಪಾಲಿದೆಯೆಂದು ಸೂರಃ ಅನ್ನಿಸಾ ಸಾರುತ್ತದೆ. ಆ ಪಾಲನ್ನು ನಿಗದಿಪಡಿಸಿದವನು ಸ್ವತಃ ಅಲ್ಲಾಹನು. ತಂದೆ ಬದುಕಿದ್ದಾಗ ಮದುವೆಗೆ ಮಾಡಿದ ಖರ್ಚು ಆ ಪಾಲನ್ನು ನುಂಗಲಾರದು. ಅವಳು ಯಾರ ಒತ್ತಡವೂ ಇಲ್ಲದೆ, ತನ್ನ ಪಾಲು ಎಷ್ಟೆಂದು ತಿಳಿದು, ಸಂತೋಷದಿಂದ ಬಿಟ್ಟುಕೊಟ್ಟರೆ ಅದು ಬೇರೆ ಮಾತು. ನಾನು ವ್ಯವಹಾರದಿಂದ ಹಿಂದೆ ಸರಿದೆ. ಅವರು ಬೇರೊಬ್ಬರ ಮೂಲಕ ಮಾರಿದರು. ಆ ವರ್ಷ ನನಗೆ ಬೇರೆ ದೊಡ್ಡ ವ್ಯವಹಾರ ಕುದುರಲಿಲ್ಲ. ಮಗಳ ಕಾಲೇಜು ಶುಲ್ಕಕ್ಕೆ ಸಾಲ ಮಾಡಿದೆ.

ಸುಮಾರು ಎಂಟು ತಿಂಗಳ ನಂತರ ಆ ಸಹೋದರರಲ್ಲಿ ಕಿರಿಯವನು ಇಶಾ ನಮಾಝ್ ಬಳಿಕ ಒಬ್ಬನೇ ಮನೆಗೆ ಬಂದ. "ತಂಗಿಗೆ ಎಷ್ಟು ಸಲ್ಲಬೇಕಿತ್ತು, ಲೆಕ್ಕ ಮಾಡಿ ಹೇಳುತ್ತೀರಾ?" ಎಂದ. ಇಬ್ಬರು ಗಂಡು, ಒಂದು ಹೆಣ್ಣು. ಒಟ್ಟು ಐದು ಪಾಲು, ಅವಳದು ಒಂದು. 60 ಲಕ್ಷದಲ್ಲಿ 12 ಲಕ್ಷ. "ನೀನು 24 ಲಕ್ಷ ಪಡೆಯಬೇಕಿತ್ತು, 30 ಪಡೆದಿದ್ದೀ" ಎಂದೆ. ತಲೆ ತಗ್ಗಿಸಿ ಕುಳಿತಿದ್ದು ಎದ್ದುಹೋದ. ಆರು ಲಕ್ಷವನ್ನು ಅವನು ತಂಗಿಗೆ ತಲುಪಿಸಿದನೆಂದು ನಂತರ ತಿಳಿಯಿತು. ಅಣ್ಣನ ಆರು ಲಕ್ಷ ಇನ್ನೂ ಬಾಕಿ ಇದೆ. ಅವನಿಗಾಗಿ ದುಆ ಮಾಡುತ್ತೇನೆ.

ಪ್ರಿಯ ಯುವಕನೇ, ಜಾಗದ ವ್ಯವಹಾರಕ್ಕೆ ಖಂಡಿತ ಬಾ. ಇದು ಹಲಾಲ್ ದುಡಿಮೆ. ಒಂದು ಕುಟುಂಬಕ್ಕೆ ನೆಲೆ ಒದಗಿಸುವುದು ಸಣ್ಣ ಕೆಲಸವಲ್ಲ. ನಾವು ಅಳೆಯುವ ಪ್ರತಿ ಸೆಂಟ್ಸ್ ನಮಗಿಂತ ಮೊದಲೂ ಇತ್ತು, ನಂತರವೂ ಇರುತ್ತದೆ. ಅದನ್ನು ಅರಿತೇ ಉಮರ್(ರ) ಖೈಬರ್‌ನಲ್ಲಿ ತಮಗೆ ದೊರೆತ ಅತ್ಯುತ್ತಮ ಭೂಮಿಯನ್ನು ಮಾರಬಾರದು, ದಾನ ಕೊಡಬಾರದು, ವಾರೀಸುದಾರರಿಗೆ ಹೋಗಬಾರದು ಎಂಬ ಷರತ್ತಿನೊಂದಿಗೆ ವಕ್ಫ್ ಮಾಡಿದರು. ಅಷ್ಟು ದೊಡ್ಡ ತ್ಯಾಗ ನಮ್ಮಿಂದಾಗದಿರಬಹುದು. ಆದರೆ ನಾವು ಮಾರಿಕೊಟ್ಟ ಮನೆಯ ಮುಂದೆ ಮೇ ತಿಂಗಳಲ್ಲೂ ತಲೆಯೆತ್ತಿ ನಡೆದು, ಅಲ್ಲಿನ ಮಗು ತಂದ ನೀರನ್ನು ನಿಶ್ಚಿಂತೆಯಿಂದ ಕುಡಿಯುವಂತಿರಬೇಕು. ನೀನು ಕೇಳಿದ ಯಶಸ್ಸು ನನಗೆ ತಿಳಿದ ಮಟ್ಟಿಗೆ ಅದೇ.

ಅಲ್ಲಾಹನು ನಮ್ಮ ಸಂಪಾದನೆಯನ್ನು ಶುದ್ಧಗೊಳಿಸಲಿ, ಇತರರ ಹಕ್ಕಿನ ಹೊರೆ ಹೊತ್ತು ಅವನ ಮುಂದೆ ನಿಲ್ಲುವ ದುರವಸ್ಥೆಯಿಂದ ನಮ್ಮೆಲ್ಲರನ್ನೂ ಕಾಪಾಡಲಿ. ಆಮೀನ್.